ಕಣದ ಕಾಂಕ್ರೀಟಿಗೆ ಉಕ್ಕಿನ ಎಳೆ: ಎಷ್ಟು, ಹೇಗೆ, ಎಲ್ಲಿ ಬೇಡ

ಸಿಮೆಂಟ್ ಕಣ ಮಾಡಿಸುವ ಹುಡುಗರು ನನ್ನನ್ನು ಕೇಳೋದು ಒಂದೇ ಮಾತು: "ಅಣ್ಣ, ಬಿರುಕು ಬಿಡದ ಹಾಗೆ ಏನು ಹಾಕಿಸಲಿ?" ಕಾಂಕ್ರೀಟ್ ಒಣಗುವಾಗ ಕುಗ್ಗುತ್ತೆ, ಸಣ್ಣ ಬಿರುಕು ಬಂದೇ ಬರುತ್ತೆ. ಅದು ಬಾಯಿ ಬಿಡದಂತೆ ಹಿಡಿದಿಡೋದೇ ಸ್ಟೀಲ್ ಫೈಬರ್, ಅಂದರೆ ತುಂಡು ಉಕ್ಕಿನ ಎಳೆ. ಹಳಬರು ಗೋಡೆ ಮಣ್ಣಿಗೆ ಹುಲ್ಲು ಸೇರಿಸಿ ತುಳೀತಿದ್ರಲ್ಲ, ಅದೇ ಲೆಕ್ಕ.

ಎಳೆ ಸಾಮಾನ್ಯವಾಗಿ 30ರಿಂದ 60 ಮಿ.ಮೀ. ಉದ್ದ ಇರುತ್ತೆ. ಎರಡೂ ತುದಿ ಕೊಕ್ಕೆಯಂತೆ ಬಾಗಿರೋದನ್ನೇ ತಗೊಳ್ಳಿ, ಹಿಡಿತ ಚೆನ್ನಾಗಿರುತ್ತೆ.

ಎಷ್ಟು ಬೇಕು?
20x30 ಅಡಿ ಕಣ, ಟ್ರ್ಯಾಕ್ಟರ್ ಓಡಾಡುತ್ತೆ, 5 ಇಂಚು ದಪ್ಪ ಅಂದರೆ ಸುಮಾರು 7 ಘನ ಮೀಟರ್ ಕಾಂಕ್ರೀಟ್. ಘನ ಮೀಟರಿಗೆ 25 ಕೆ.ಜಿ.ಯಂತೆ 175 ಕೆ.ಜಿ. ಎಳೆ. ಒಂದು ಮೂಟೆ ಸಿಮೆಂಟಿಗೆ ಹತ್ತಿರ ಹತ್ತಿರ 3 ಕೆ.ಜಿ.

ಹೇಗೆ ಬೆರೆಸಬೇಕು?
ಜಲ್ಲಿ, ಮರಳು, ಸಿಮೆಂಟ್, ನೀರು ಕಲೆತ ಮೇಲೆ, ಮಿಕ್ಸರ್ ತಿರುಗುತ್ತಿರುವಾಗಲೇ ಎಳೆಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ. ಒಟ್ಟಿಗೆ ಸುರಿದರೆ ಉಂಡೆ ಕಟ್ಟುತ್ತೆ. ಎಳೆ ಬಿದ್ದಾಗ ಕಾಂಕ್ರೀಟ್ ಗಟ್ಟಿಯಾದಂತೆ ಕಾಣುತ್ತೆ. ಮೇಸ್ತ್ರಿ ನೀರು ಹೊಯ್ಯಲು ಬಂದರೆ ಬಿಡಬೇಡಿ. ನೀರು ಹೆಚ್ಚಾದಷ್ಟೂ ಬಲ ಕಮ್ಮಿ. ಬೇಕಿದ್ದರೆ ಪ್ಲಾಸ್ಟಿಸೈಜರ್ ಹಾಕಿಸಿ.

ಮರುದಿನವೇ 10 ಅಡಿಗೊಂದು ಗೆರೆಯಂತೆ, ಒಂದೂವರೆ ಇಂಚು ಆಳಕ್ಕೆ ಕಟರ್‌ನಲ್ಲಿ ಕೊಯ್ಸಿ. ಬಿರುಕು ಆ ಗೆರೆಯೊಳಗೇ ಅಡಗುತ್ತೆ. ಕಣ ಒಣಗಲು ಬಿಡದೆ 10 ದಿನ ನೀರು ಉಣಿಸಿ.

ಎಲ್ಲಿ ಬೇಡ?
ತಾರಸಿ, ಬೀಮ್, ಕಂಬಗಳಲ್ಲಿ ಕಂಬಿ ಬಿಟ್ಟು ಬರೀ ಎಳೆ ಹಾಕಿ ದುಡ್ಡು ಉಳಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಎಳೆ ಬಿರುಕು ಹಿಡಿಯುತ್ತೆ, ಕಂಬಿಯ ಕೆಲಸ ಮಾಡಲ್ಲ. ಅಲ್ಲಿ ಇಂಜಿನಿಯರ್ ಮಾತೇ ಕೊನೆ. ಕೊಟ್ಟಿಗೆ ನೆಲಕ್ಕೂ ನಾನು ಉಕ್ಕಿನ ಎಳೆ ಹೇಳಲ್ಲ. ನೆಲ ಸವೆದಾಗ ಮೇಲೆದ್ದ ತುದಿ ದನದ ಗೊರಸಿಗೆ ಚುಚ್ಚಬಹುದು.

ಇದನ್ನು ಮರೀಬೇಡಿ
ಚೆಲ್ಲಿದ ಎಳೆ ಹುಲ್ಲಿಗೆ ಸೇರಿದರೆ ದನ ಮೇವಿನ ಜೊತೆ ನುಂಗುತ್ತೆ. ಅದು ಎರಡನೇ ಹೊಟ್ಟೆಯಲ್ಲಿ ನಿಂತು, ಅಲ್ಲಿಂದ ಚುಚ್ಚಿಕೊಂಡು ಹೃದಯದವರೆಗೂ ಹೋಗಬಹುದು. ನಮ್ಮ ಕಣ ಮುಗಿದ ದಿನ ನಾನು ಹಳೇ ಸ್ಪೀಕರ್‌ನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಸುತ್ತಲಿನ ನೆಲವನ್ನೆಲ್ಲ ಸವರಿದೆ. ಒಂದು ಹಿಡಿ ಎಳೆ ಸಿಕ್ಕಿತು. ನೀವೂ ಸವರಿ, ಆಮೇಲೆ ದನ ಬಿಡಿ.