‘ಪಂಡಿತ’ ಪದದ ಅರ್ಥಾಂತರ: ಕೊಪಣದಿಂದ ಕಿರುತೆರೆಗೆ

ಚುನಾವಣಾ ಫಲಿತಾಂಶದ ಮರುದಿನ ‘ರಾಜಕೀಯ ಪಂಡಿತರ ಲೆಕ್ಕಾಚಾರ ತಲೆಕೆಳಗಾಯಿತು’ ಎಂಬ ಧಾಟಿಯ ವಾಕ್ಯ ಕನ್ನಡ ಪತ್ರಿಕೆಗಳಲ್ಲಿ ರೂಢವಾಗಿದೆ. ಆದರೆ ಸುದ್ದಿವಾಹಿನಿಯ ಚರ್ಚೆಯಲ್ಲಿ ಕುಳಿತವರ ಹೆಸರಿನ ಕೆಳಗೆ ಕಾಣುವುದು ಸಾಮಾನ್ಯವಾಗಿ ‘ರಾಜಕೀಯ ವಿಶ್ಲೇಷಕ’ ಎಂಬ ಪದ. ಎದುರಿಗೆ ವಿಶ್ಲೇಷಕನಾದವನು ಬೆನ್ನ ಹಿಂದೆ ಪಂಡಿತನಾಗುವ ಈ ಭೇದ ವಿಚಾರಾರ್ಹವಾದುದು.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನೊಳಗೊಂಡು ಜಿಲ್ಲೆಯಾದ ಪ್ರದೇಶವನ್ನು ಇಲ್ಲಿ ನೆನೆಯಬೇಕು. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸುವ ಕೊಪಣವೇ ಇಂದಿನ ಕೊಪ್ಪಳ. ಅದು ಜೈನರ ಮಹಾತೀರ್ಥವೂ ಹೌದು. ಜಟಾಸಿಂಹನಂದ್ಯಾಚಾರ್ಯರ ಪಾದಗಳನ್ನು ಚಾವಯ್ಯನು ಮಾಡಿಸಿದನೆಂಬ ಶಾಸನ ಅಲ್ಲಿಯ ಬೆಟ್ಟದ ಮೇಲಿದೆ. ಜೈನ ಆರಾಧನಾ ಗ್ರಂಥಗಳು ಮರಣವನ್ನು ವಿಂಗಡಿಸುವಾಗ ಬಾಲಮರಣಕ್ಕೆ ಪ್ರತಿಯಾಗಿ ಪಂಡಿತಮರಣವನ್ನು ಹೇಳುತ್ತವೆ. ಇಲ್ಲಿ ಪಂಡಿತನೆಂದರೆ ಬಹಳ ಓದಿದವನಲ್ಲ. ಅರಿವನ್ನು ಸಂಯಮದಿಂದ ಬಾಳಿ, ಸಾವಿನಲ್ಲಿಯೂ ಉಳಿಸಿಕೊಂಡವನು. ಬಳ್ಳಿಗಾವೆಯ ಕೋಡಿಯಮಠದ ಕಾಳಾಮುಖ ಯತಿಗಳಾದ ಸೋಮೇಶ್ವರ ಪಂಡಿತ, ವಾಮಶಕ್ತಿ ಪಂಡಿತರ ಹೆಸರುಗಳಲ್ಲಿ ಶಾಸ್ತ್ರಜ್ಞಾನದೊಡನೆ ವ್ರತವೂ ಸೇರಿದೆ. ಈಚಿನ ಕನ್ನಡ ಪಂಡಿತ, ಆಯುರ್ವೇದ ಪಂಡಿತರಿಗೂ ಪರೀಕ್ಷಕರಿದ್ದರು: ಒಬ್ಬನಿಗೆ ವಿದ್ಯಾರ್ಥಿ, ಇನ್ನೊಬ್ಬನಿಗೆ ರೋಗಿ.

ಅರ್ಥ ಕವಲೊಡೆದುದು ಇಂಗ್ಲಿಷಿನಲ್ಲಿ. ಕಂಪನಿಯ ನ್ಯಾಯಾಲಯಗಳಲ್ಲಿ ಹಿಂದೂ ಧರ್ಮಶಾಸ್ತ್ರದ ಅಭಿಪ್ರಾಯ ನೀಡಲು ನೇಮಕಗೊಂಡ ಪಂಡಿತರಿಂದ ಪದವು ಆಂಗ್ಲರಿಗೆ ಪರಿಚಿತವಾಯಿತು. 1864ರಲ್ಲಿ ಆ ಹುದ್ದೆ ರದ್ದಾಯಿತು, ಪದ ಉಳಿಯಿತು. ಮೊದಲು ಯಾವುದೇ ತಜ್ಞ, ಬಳಿಕ ತಜ್ಞನಂತೆ ತೀರ್ಪು ಕೊಡುವವನು, ಕೊನೆಗೆ ಮಾಧ್ಯಮದ ವ್ಯಾಖ್ಯಾನಕಾರ ಎಂದು ಅದರ ಅರ್ಥ ಸರಿಯಿತು. ನ್ಯಾಯಾಲಯದ ಪಂಡಿತನು ತನ್ನ ವ್ಯವಸ್ಥೆಗೆ ಗ್ರಂಥಾಧಾರ ತೋರಬೇಕಿತ್ತು. ಕಿರುತೆರೆಯವನು ನಾಳೆಯ ಬಗ್ಗೆ ಮಾತನಾಡುವುದರಿಂದ ಅವನಿಗೆ ಆ ತೊಡಕಿಲ್ಲ! ಕನ್ನಡದ ‘ರಾಜಕೀಯ ಪಂಡಿತ’ ಈ ಆಂಗ್ಲ ಅರ್ಥದ ಮರುಪ್ರವೇಶ. ಹಾಗೆಂದು ವ್ಯಂಗ್ಯವನ್ನೆಲ್ಲ ಇಂಗ್ಲಿಷಿನ ಲೆಕ್ಕಕ್ಕೆ ಬರೆಯುವುದು ಸಲ್ಲದು. ‘ಪಂಡಿತಂಮನ್ಯ’ ಎಂಬ ಸಂಸ್ಕೃತ ಪದ, ತನ್ನನ್ನು ತಾನೇ ಪಂಡಿತನೆಂದು ಬಗೆಯುವವನನ್ನು ಬಹು ಹಿಂದೆಯೇ ಗುರುತಿಸಿತ್ತು.

ನಿಘಂಟುಕಾರರು ಗಮನಿಸಬೇಕಾದುದು ಪ್ರಯೋಗದ ಕಟ್ಟುಪಾಡನ್ನು. ವ್ಯಂಗ್ಯಾರ್ಥವು ಹೆಚ್ಚಾಗಿ ಬಹುವಚನದಲ್ಲಿ, ‘ರಾಜಕೀಯ’, ‘ಕ್ರಿಕೆಟ್’ ಮುಂತಾದ ವಿಶೇಷಣದೊಡನೆ, ಊಹೆ ಹುಸಿಯಾದ ಸಂದರ್ಭದಲ್ಲಿ ಬರುತ್ತದೆ. ವ್ಯಕ್ತಿನಾಮದ ಹಿಂದೆ ನಿಂತಾಗ, ಪಂಡಿತ ಪುಟ್ಟರಾಜ ಗವಾಯಿ ಎಂಬಲ್ಲಿ ಇರುವಂತೆ, ಗೌರವ ಕುಂದಿಲ್ಲ. ಆದುದರಿಂದ ಇದನ್ನು ಅರ್ಥಾಪಕರ್ಷವೆಂದು ಕರೆಯದೆ, ಸಂದರ್ಭನಿಯತವಾದ ಬೇರೊಂದು ಅರ್ಥವೆಂದು ದಾಖಲಿಸುವುದೇ ಯುಕ್ತ.