ಮಂದ ಉರಿಯ ಹಣ್ಣು, ಮೇಲೊಂದಿಷ್ಟು ಮಾದಲಿ



ಕಳೆದ ಕಾರ್ತಿಕದಲ್ಲಿ ಅಫಜಲಪುರ ತಾಲೂಕಿನ ಹವಳಗಾದಿಂದ ವಯೋವೃದ್ಧ ತಾಯಿಯೊಬ್ಬರನ್ನು ಅವರ ಸೊಸೆ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಇಂಥದೇ ಬೇನೆ ಎಂದು ಹೇಳಿಕೊಳ್ಳಲು ಅವರಲ್ಲಿ ಏನೂ ಇರಲಿಲ್ಲ. ಆದರೆ ಒಂದು ವರ್ಷದ ಹಿಂದೆ ನಾವು ಕಂಡಿದ್ದ ದೇಹ ಅದಾಗಿರಲಿಲ್ಲ. ಹಲ್ಲುಗಳೆಲ್ಲ ಉದುರಿ, ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಒತ್ತಿ ಹುಣ್ಣಾದುದರಿಂದ ಅದನ್ನು ಡಬ್ಬಿಯಲ್ಲಿಟ್ಟು, ಮೂರು ಹೊತ್ತೂ ಚಹಾ ಮತ್ತು ಅಂಬಲಿಯಲ್ಲಿಯೇ ದಿನ ನೂಕುತ್ತಿದ್ದರು. ಮಠದಿಂದ ಪ್ರಸಾದವಾಗಿ ಬಂದ ಪೇರಲ, ಸೇಬುಗಳನ್ನು ಕಣ್ಣಿಗೊತ್ತಿಕೊಂಡು ಮೊಮ್ಮಕ್ಕಳ ಕೈಗಿಡುವುದು, ಅವರೂ ಮುಟ್ಟದಿದ್ದರೆ ಆಕಳ ಬಾಯಿಗೆ ಕೊಡುವುದು ಅವರ ರೂಢಿಯಾಗಿತ್ತು. "ಚೆಲ್ಲಲಾಕ ಬರೂದಿಲ್ಲ, ತಿನ್ನಲಾಕ ಆಗೂದಿಲ್ಲ ಯಪ್ಪಾ" ಎಂದರು.

ಆಗ ಆ ಸೊಸೆ ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದರು. ಬೆಂಗಳೂರಿನಲ್ಲಿರುವ ಮೈದುನ ಎರಡು ವರ್ಷದ ಹಿಂದೆ ಕಳಿಸಿದ ಸ್ಲೋ ಕುಕ್ಕರ್ ಒಂದು ಅಟ್ಟದ ಮೇಲೆ ಪೆಟ್ಟಿಗೆಯಲ್ಲಿಯೇ ಇದೆಯಂತೆ. "ಸಾಹೇಬ್ರ, ಅತ್ತೀಗೆ ಅದರಾಗ ಏನರೆ ಮಾಡ್ಲಾಕ ಬರ್ತದೇನ್ರಿ?" ಈ ತಿಂಗಳ ಲೇಖನ ಆ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ.

ಸ್ಲೋ ಕುಕ್ಕರ್ ಎಂಬುದು ನಮ್ಮ ಪ್ರೆಶರ್ ಕುಕ್ಕರಿಗೆ ತದ್ವಿರುದ್ಧವಾದ ಪಾತ್ರೆ. ಅದರಲ್ಲಿ ಸೀಟಿಯಿಲ್ಲ, ಒತ್ತಡವಿಲ್ಲ. ದಪ್ಪನೆಯ ಪಿಂಗಾಣಿ ಮಡಕೆಯ ಸುತ್ತ ವಿದ್ಯುತ್ ತಂತಿಯ ಸಣ್ಣ ಕಾವು. ಮೇಲೆ ಗಾಜಿನ ಮುಚ್ಚಳ. ಒಳಗಿನ ಪದಾರ್ಥ ಗಂಟೆಗಟ್ಟಲೆ ಕುದಿಬಿಂದುವಿನ ಕೆಳಗೇ ನಿಂತು ಬೇಯುತ್ತದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರು 1940ರಲ್ಲಿ ಇಂಥ ಪಾತ್ರೆಗೆ ಪೇಟೆಂಟ್ ಪಡೆದರು. 1971ರಲ್ಲಿ ಅದು ಕ್ರಾಕ್‌ಪಾಟ್ ಎಂಬ ಹೆಸರಿನಿಂದ ಅಲ್ಲಿಯ ಮನೆಮನೆಗೆ ಬಂದಿತು. ಪಾತ್ರೆ ಹೊಸದಾದರೂ ವಿದ್ಯೆ ನಮಗೆ ಹೊಸದಲ್ಲ. ರಾತ್ರಿ ಬೂದಿ ಮುಚ್ಚಿದ ಕೆಂಡದ ಮೇಲೆ ಹಾಲಿನ ಗಡಿಗೆಯಿಟ್ಟು ಮಲಗುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ಬರುವ ಚ್ಯವನಪ್ರಾಶವಾದರೂ ಏನು? ಐದು ನೂರು ನೆಲ್ಲಿಕಾಯಿಗಳನ್ನು ಬೇಯಿಸಿ, ಸ್ನೇಹದಲ್ಲಿ ಹುರಿದು, ಸಕ್ಕರೆಯ ಪಾಕದೊಡನೆ ತಾಳ್ಮೆಯಿಂದ ಲೇಹ್ಯಕ್ಕೆ ತರುವ ಕ್ರಿಯೆ. ಲೇಹ್ಯ ಮಾಡಿದವರಿಗೆಲ್ಲ ಗೊತ್ತಿದೆ, ಉರಿ ಹೆಚ್ಚಾದರೆ ಆ ದಿನದ ದುಡಿಮೆಯೆಲ್ಲ ತಳ ಹಿಡಿಯುತ್ತದೆ. ಒಲೆಯಲ್ಲಿ ಮಂದಾಗ್ನಿ ಇದ್ದರೆ ಗುಣ; ಹೊಟ್ಟೆಯಲ್ಲಿ ಮಂದಾಗ್ನಿ ಇದ್ದರೆ ರೋಗ. ಹೊಟ್ಟೆಯ ಅಗ್ನಿ ಮಂದವಾದವರಿಗೆ, ಅಗಿಯುವ ಶಕ್ತಿ ಇಲ್ಲದವರಿಗೆ, ಬಾಯಿ ಮತ್ತು ಜಠರ ಮಾಡಬೇಕಾದ ಕೆಲಸದ ಒಂದು ಪಾಲನ್ನು ಒಲೆಯೇ ಮುಗಿಸಿಕೊಡುತ್ತದೆ.

ಪಾಶ್ಚಾತ್ಯರಲ್ಲಿ ಫ್ರೂಟ್ ಕ್ರಿಸ್ಪ್ ಎಂಬ ಸಿಹಿ ಇದೆ. ಹೋಳು ಮಾಡಿದ ಸೇಬಿನ ಮೇಲೆ ಓಟ್ಸ್, ಹಿಟ್ಟು, ಬೆಣ್ಣೆ, ಸಕ್ಕರೆ ಕಲಸಿದ ಪುಡಿ ಹರಡಿ ಓವನ್‌ನಲ್ಲಿಡುತ್ತಾರೆ. ಕೆಳಗೆ ಹಣ್ಣು ಮೆತ್ತಗಾಗುತ್ತದೆ, ಮೇಲೆ ಪುಡಿ ಗರಿಗರಿಯಾಗುತ್ತದೆ. ಅದನ್ನು ಓದುತ್ತಿದ್ದಂತೆ ನಮಗೆ ನೆನಪಾದದ್ದು ನಮ್ಮ ಮಾದಲಿ. ಗೋಧಿಯ ತರಿಯ ದಪ್ಪ ರೊಟ್ಟಿ ಬೇಯಿಸಿ, ಪುಡಿ ಮಾಡಿ, ಹುರಿದು, ಬೆಲ್ಲ, ಒಣಕೊಬ್ಬರಿ, ಪುಟಾಣಿ, ಗಸಗಸೆ, ಏಲಕ್ಕಿ ಬೆರೆಸಿದ ಆ ಪುಡಿಗಿಂತ ಒಳ್ಳೆಯ ಹೊದಿಕೆ ಹಣ್ಣಿಗೆ ಎಲ್ಲಿ ಸಿಕ್ಕೀತು? ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಮಾದಲಿ ಉಂಡವರು ಅದರ ರುಚಿಯನ್ನು ಮರೆಯಲಾರರು.

ಬೇರೆಯವರಿಗೆ ಹೇಳುವ ಮೊದಲು ಮಾಡಿ ನೋಡೋಣವೆಂದು ಆ ಪಾತ್ರೆಯನ್ನು ತರಿಸಿಕೊಂಡೆವು. ಪುಸ್ತಕದ ರೀತಿಯಲ್ಲೇ ಹಣ್ಣು ಕೆಳಗೆ, ಮಾದಲಿ ಮೇಲೆ ಹಾಕಿ, ಮುಚ್ಚಿ, ಮೂರು ಗಂಟೆ ಬಿಟ್ಟೆವು. ತೆರೆದು ನೋಡಿದರೆ ಗರಿಗರಿಯ ಮಾತಿರಲಿ, ಮಾದಲಿಯ ಗುರುತೇ ಇರಲಿಲ್ಲ. ಎಲ್ಲವೂ ಸೇರಿ ಗಟ್ಟಿ ಗಂಜಿಯಾಗಿತ್ತು. ನಮ್ಮ ಮನೆಯವರು ನಕ್ಕರು. ತಪ್ಪು ಪಾತ್ರೆಯದಲ್ಲ, ನಮ್ಮದು. ಓವನ್‌ನಲ್ಲಿ ಮೇಲಿನಿಂದಲೂ ಒಣ ಶಾಖ ಬೀಳುತ್ತದೆ. ಸ್ಲೋ ಕುಕ್ಕರಿನಲ್ಲಿ ಮೇಲೆ ಶಾಖವಿಲ್ಲ. ಹಣ್ಣಿನಿಂದ ಎದ್ದ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ, ಹನಿಹನಿಯಾಗಿ ಮರಳಿ ಅದೇ ಪುಡಿಯ ಮೇಲೆ ಬೀಳುತ್ತದೆ. ಮುಚ್ಚಿದ ಮಡಕೆಯಲ್ಲಿ ಪುಡಿ ಗರಿಯಾಗಲಾರದು. ಆದುದರಿಂದ ಎರಡನ್ನೂ ಬೇರೆ ಬೇರೆ ಸಿದ್ಧಪಡಿಸಿ ತಾಟಿನಲ್ಲಿ ಕೂಡಿಸಬೇಕು. ಈ ಒಂದು ಮಾತು ತಿಳಿದರೆ ಉಳಿದದ್ದೆಲ್ಲ ಸುಲಭ.

ಎಂಟು ಜನರಿಗೆ, 3 ಲೀಟರಿನ ಪಾತ್ರೆಗೆ, ಸೇಬು 1 ಕೆ.ಜಿ., ಪೇರಲ ಅರ್ಧ ಕೆ.ಜಿ., ಬಾಳೆಹಣ್ಣು 3. ಸೇಬಿನ ಸಿಪ್ಪೆ ತೆಗೆದು ಹೆಬ್ಬೆರಳ ಗಾತ್ರದ ಹೋಳು ಮಾಡಬೇಕು. ತೀರ ಸಣ್ಣಗೆ ಹೆಚ್ಚಿದರೆ ಕರಗಿ ಹೋಗುತ್ತದೆ. ಪೇರಲವನ್ನು ಎರಡು ಹೋಳು ಮಾಡಿ ನಡುವಿನ ಬೀಜದ ತಿರುಳನ್ನು ಚಮಚದಿಂದ ತೆಗೆಯಬೇಕು. ಹಲ್ಲಿಲ್ಲದವರಿಗೆ ಆ ಬೀಜವೇ ಶತ್ರು. ಸೆಟ್ಟು ಹಾಕಿಕೊಂಡವರಿಗೆ ಇನ್ನೂ ದೊಡ್ಡ ಶತ್ರು. ಆದರೆ ಆ ತಿರುಳನ್ನು ಚೆಲ್ಲದೆ ಜರಡಿಯಲ್ಲಿ ಉಜ್ಜಿ ರಸವನ್ನು ಹೋಳಿಗೇ ಸೇರಿಸಬೇಕು, ಪರಿಮಳವೆಲ್ಲ ಅದರಲ್ಲಿಯೇ ಇದೆ. ಎರಡು ಚಮಚ ತುಪ್ಪ, 50 ಗ್ರಾಂ ಪುಡಿ ಬೆಲ್ಲ, ಅರ್ಧ ಚಮಚ ಶುಂಠಿಯ ಪುಡಿ, ನಾಲ್ಕು ಏಲಕ್ಕಿ ಹಾಕಿ ಕೈಯಾಡಿಸಿ ಮುಚ್ಚಬೇಕು. ನೀರು ಬೇಡ, ಹಣ್ಣು ತಾನೇ ನೀರು ಬಿಡುತ್ತದೆ. ಮೊದಲ ಅರ್ಧ ಗಂಟೆ ಹೆಚ್ಚಿನ ಕಾವಿನಲ್ಲಿಟ್ಟು, ಅನಂತರ ಎರಡೂವರೆಯಿಂದ ಮೂರು ಗಂಟೆ ಕಡಿಮೆ ಕಾವಿನಲ್ಲಿಡಬೇಕು. ನಡುನಡುವೆ ಮುಚ್ಚಳ ತೆರೆದು ನೋಡುವ ಚಟ ಬೇಡ. ಒಮ್ಮೆ ತೆರೆದರೆ ಹೋದ ಕಾವು ಮರಳಲು ಬಹಳ ಹೊತ್ತು ಹಿಡಿಯುತ್ತದೆ. ಬಾಳೆಯನ್ನು ಕೊನೆಯ ಅರ್ಧ ಗಂಟೆಗೆ ಹಾಕಬೇಕು, ಮೊದಲೇ ಹಾಕಿದರೆ ಕಪ್ಪಾಗಿ ಕಲಸಿ ಹೋಗುತ್ತದೆ. ಅದೇ ಹೊತ್ತಿಗೆ ಮುಚ್ಚಳದ ಕೆಳಗೆ ದಪ್ಪ ಹತ್ತಿಯ ಬಟ್ಟೆಯೊಂದನ್ನು ಬಿಗಿಯಾಗಿ ಹಾಸಿ, ಅದರ ಅಂಚುಗಳನ್ನು ಮುಚ್ಚಳದ ಮೇಲೆ ಮಡಚಿಡಬೇಕು. ಹಬೆಯ ನೀರನ್ನು ಬಟ್ಟೆ ಹೀರಿ, ರಸ ಗಟ್ಟಿಯಾಗುತ್ತದೆ. ಬಟ್ಟೆಯ ಚುಂಗು ಬಿಸಿಯಾದ ಹೊರಮೈಗೆ ಜೋತು ಬೀಳದಂತೆ ಎಚ್ಚರವಿರಲಿ.

ಸ್ಲೋ ಕುಕ್ಕರ್ ಇಲ್ಲದವರು ಅದನ್ನು ಕೊಳ್ಳಬೇಕಾಗಿಲ್ಲ. ದಪ್ಪ ತಳದ ಸ್ಟೀಲ್ ಪಾತ್ರೆಯನ್ನು ಸಣ್ಣ ಉರಿಯಲ್ಲಿ ಹಂಚಿನ ಮೇಲಿಟ್ಟು, ಎರಡು ಹಿಡಿ ನೀರು ಚಿಮುಕಿಸಿ ಮುಚ್ಚಿದರೆ ಮುಕ್ಕಾಲು ಗಂಟೆಯಲ್ಲಿ ಆಗುತ್ತದೆ. ಆಗಾಗ ಕೈಯಾಡಿಸಬೇಕು, ಅಷ್ಟೆ. ಕೆಂಡದ ಮೇಲಿನ ಮಣ್ಣಿನ ಗಡಿಗೆಯಂತೂ ಉತ್ತಮ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಮಾತ್ರ ಬೇಡ. ಹಣ್ಣಿನ ಹುಳಿ ಲೋಹವನ್ನು ಕಚ್ಚುತ್ತದೆ.

ಇನ್ನು ಮಾದಲಿ. ಗೋಧಿಯ ತರಿ 150 ಗ್ರಾಂ, ಜೋಳದ ಹಿಟ್ಟು 50 ಗ್ರಾಂ, ಎರಡು ಚಮಚ ತುಪ್ಪ ಹಾಕಿ ಗಟ್ಟಿಯಾಗಿ ನಾದಿ, ದಪ್ಪ ರೊಟ್ಟಿ ಮಾಡಿ ಹಂಚಿನ ಮೇಲೆ ಎರಡೂ ಬದಿ ಚೆನ್ನಾಗಿ ಬೇಯಿಸಬೇಕು. ಬಿಸಿಯಿರುವಾಗಲೇ ಮುರಿದು ಪುಡಿ ಮಾಡಿ, ಮತ್ತೆ ಸಣ್ಣ ಉರಿಯಲ್ಲಿ ಕೈಗೆ ಗರಗರ ಹತ್ತುವವರೆಗೆ ಹುರಿಯಬೇಕು. ಸಂಪೂರ್ಣ ಆರಿದ ಮೇಲೆ 60 ಗ್ರಾಂ ಬೆಲ್ಲ, ಒಣಕೊಬ್ಬರಿ, ಪುಟಾಣಿ ಪುಡಿ, ಗಸಗಸೆ ಬೆರೆಸಬೇಕು. ಆರುವ ಮೊದಲು ಬೆಲ್ಲ ಹಾಕಿದವರಿಗೆ ಮಾದಲಿಯ ಬದಲು ಉಂಡೆ ಸಿಗುತ್ತದೆ. ಬೆಲ್ಲದ ಪ್ರಮಾಣ ಜಾತ್ರೆಯ ಮಾದಲಿಗಿಂತ ಬಹಳ ಕಡಿಮೆ ಎಂದು ನಮ್ಮ ತಾಯಂದಿರು ಮೂಗು ಮುರಿಯಬಹುದು. ಹಣ್ಣಿನಲ್ಲಿ ಸಿಹಿ ಇದ್ದೇ ಇದೆ.

ಬೆಲ್ಲದ ಮಾತು ಬಂದಿತು. ಭೀಮೆಯ ದಂಡೆಯ ಕಬ್ಬಿನ ಸೀಮೆ ನಮ್ಮದು. ಹವಳಗಾದ ಕಾರ್ಖಾನೆಯ ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲು ಕಂಡರೆ ಚಳಿಗಾಲ ಬಂದಿತೆಂದು ತಿಳಿಯುವವರು ನಾವು. ಆದುದರಿಂದಲೇ ಬೆಲ್ಲದ ಬಗ್ಗೆ ನಮಗೆ ಮಮಕಾರ ಹೆಚ್ಚು. ವೃತ್ತಿ ಆರಂಭಿಸಿದ ಹೊಸದರಲ್ಲಿ ನಾವೇ ಮಧುಮೇಹಿಗಳಿಗೆ "ಸಕ್ಕರೆ ಬಿಡಿರಿ, ಬೆಲ್ಲ ತಿನ್ನಿರಿ" ಎಂದು ಹೇಳಿದ್ದುಂಟು. ಅದು ತಪ್ಪಾಗಿತ್ತು. ನಮ್ಮ ಮಾತು ನಂಬಿ ವರ್ಷಗಟ್ಟಲೆ ಬೆಲ್ಲದ ಚಹಾ ಕುಡಿದ ನಿವೃತ್ತ ಶಿಕ್ಷಕರೊಬ್ಬರ ಕಾಲಿನ ಗಾಯ ಮಾಯದೆ ಹೋದಾಗ ನಮಗೆ ಅರಿವಾಯಿತು. ಬೆಲ್ಲದಲ್ಲಿ ತುಸು ಖನಿಜಾಂಶವಿದ್ದರೂ ಅದರ ಬಹುಪಾಲು ಸಕ್ಕರೆಯೇ. ರಕ್ತದಲ್ಲಿ ಅದು ಸಕ್ಕರೆಯಂತೆಯೇ ಏರುತ್ತದೆ. ಪ್ರಮೇಹಕ್ಕೆ ಕಾರಣಗಳನ್ನು ಹೇಳುವಾಗ ಬೆಲ್ಲದಿಂದ ಮಾಡಿದ ಪದಾರ್ಥಗಳನ್ನು ಚರಕಾಚಾರ್ಯರು ಸ್ಪಷ್ಟವಾಗಿ ಸೇರಿಸಿದ್ದಾರೆ. ಓದಿ ಪರೀಕ್ಷೆ ಬರೆದ ಮಾತನ್ನೇ ನಾವು ಮರೆತಿದ್ದೆವು. ಆದ್ದರಿಂದ ಮಧುಮೇಹವಿರುವ ಭಕ್ತರು ಇದನ್ನು ಬೆಲ್ಲವಿಲ್ಲದೆ, ಬಾಳೆಯಿಲ್ಲದೆ, ಸೇಬು ಪೇರಲಗಳಿಂದಷ್ಟೇ ಮಾಡಿಸಿಕೊಂಡು, ಅರ್ಧ ಬಟ್ಟಲು ತಿನ್ನಬೇಕು. ಆ ಹೊತ್ತಿನ ರೊಟ್ಟಿ ಅಥವಾ ಅನ್ನವನ್ನು ಅಷ್ಟು ಕಡಿಮೆ ಮಾಡಬೇಕು. ಹಲ್ಲು ಗಟ್ಟಿಯಿರುವ ಮಧುಮೇಹಿಗಳಿಗೆ ಹಸಿ ಪೇರಲವೇ ಲೇಸು; ಬೇಯಿಸಿದರೆ ಅದರ ಸಿ ಜೀವಸತ್ವ ಬಹಳಷ್ಟು ನಷ್ಟವಾಗುತ್ತದೆ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಹೇಳಿಸಿಕೊಂಡವರು ತಮ್ಮ ವೈದ್ಯರನ್ನು ಕೇಳದೆ ಬಾಳೆ ತಿನ್ನಬಾರದು.

ಜೇನುತುಪ್ಪ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಬೇಯುವಾಗ ಬೇಡವೇ ಬೇಡ. ಕಾಯಿಸಿದ ಜೇನನ್ನು ಆಯುರ್ವೇದ ಒಪ್ಪುವುದಿಲ್ಲ. ಚ್ಯವನಪ್ರಾಶದಲ್ಲಿಯೂ ಜೇನು ಬೀಳುವುದು ಪಾಕ ತಣ್ಣಗಾದ ಮೇಲೆ.

ಅದಕ್ಕಿಂತ ಮುಖ್ಯವಾದುದು ಹಾಲಿನ ಸಂಗತಿ. ಮಾದಲಿ ಎಂದೊಡನೆ ನಮ್ಮ ಕೈ ಹಾಲಿನ ತಂಬಿಗೆಗೆ ಹೋಗುತ್ತದೆ. ಬರಿಯ ಮಾದಲಿಗೆ ಹಾಲು ತುಪ್ಪ ಸೊಗಸು, ಯಾರೂ ಬೇಡವೆನ್ನರು. ಆದರೆ ಕೆಳಗೆ ಹುಳಿಯ ಅಂಶವಿರುವ ಹಣ್ಣು ಇರುವಾಗ ಹಾಲು ಸುರಿಯುವುದು ವಿರುದ್ಧಾಹಾರ. ಹುಳಿ ಹಣ್ಣು ಮತ್ತು ಹಾಲಿನ ಸಂಯೋಗವನ್ನು ಶಾಸ್ತ್ರ ನಿಷೇಧಿಸಿದೆ. ಬಾಳೆಹಣ್ಣನ್ನು ಮೊಸರು, ಮಜ್ಜಿಗೆಗಳೊಡನೆ ತಿನ್ನಬಾರದೆಂದು ಅಷ್ಟಾಂಗ ಹೃದಯ ಹೇಳುತ್ತದೆ. ಇದರ ಮೇಲೆ ಒಂದು ಚಮಚ ಬಿಸಿ ತುಪ್ಪ ಸಾಕು. ಊಟದ ಕೊನೆಗಲ್ಲ, ಮೊದಲಿಗೆ ಬಡಿಸಿರಿ. ಮಧುರ ರಸವನ್ನು ಮೊದಲು ಉಣ್ಣಬೇಕೆಂಬುದು ಸುಶ್ರುತರ ಮತ. ಹಬ್ಬದ ದಿನ ತಾಟಿಗೆ ಹೋಳಿಗೆಯೇ ಮೊದಲು ಬೀಳುವ ನಮ್ಮ ಸೀಮೆಯವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ.

ವಿದ್ಯುತ್ ಹೋಗುವುದು ನಮ್ಮಲ್ಲಿ ಅಪರೂಪವಲ್ಲ. ಬೇಯುವ ನಡುವೆ ಹೋದರೆ ಪಾತ್ರೆಯಲ್ಲಿಯೇ ಬಿಟ್ಟು ಕಾಯಬೇಡಿರಿ. ಗ್ಯಾಸಿನ ಮೇಲೆ ಬೇರೆ ಪಾತ್ರೆಗೆ ಸುರಿದು ಮುಗಿಸಿರಿ. ಬೆಂದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 2 ಗಂಟೆಯೊಳಗೆ ಫ್ರಿಜ್ ಸೇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಉಗುರುಬೆಚ್ಚಗಿನ ಸ್ಥಿತಿಯೇ ಸೂಕ್ಷ್ಮಜೀವಿಗಳಿಗೆ ಪ್ರಿಯ. ಫ್ರಿಜ್‌ನಿಂದ ತೆಗೆದ ಪಿಂಗಾಣಿ ಮಡಕೆಯನ್ನು ಕೂಡಲೇ ಕಾವಿಗಿಟ್ಟರೆ ಸೀಳುತ್ತದೆ. ಪ್ರಸಾದದ ಹಣ್ಣುಗಳಲ್ಲಿ ಸಿಪ್ಪೆ ಕಪ್ಪಾದ ಬಾಳೆ ನಡೆಯುತ್ತದೆ. ಹುಳಿತ ವಾಸನೆ ಬಂದದ್ದು, ಬೂಸ್ಟು ಹಿಡಿದದ್ದು ನಡೆಯುವುದಿಲ್ಲ. ಅದನ್ನು ಭಕ್ತಿಯಿಂದಲೇ ಗಿಡದ ಬುಡಕ್ಕೆ ಹಾಕಿರಿ.

ಕೊನೆಯದಾಗಿ ಬಡಿಸುವ ಬಗೆ. ಮಕ್ಕಳಿಗೆ, ತರುಣರಿಗೆ ಬಿಸಿ ಹಣ್ಣಿನ ಮೇಲೆ ಮಾದಲಿ ಉದುರಿಸಿ ಕೂಡಲೇ ಕೊಡಿರಿ. ಗರಿಗರಿ ಇರುವುದು ಐದು ನಿಮಿಷ ಮಾತ್ರ. ಹಲ್ಲಿಲ್ಲದ ಹಿರಿಯರಿಗೆ ಹಾಗೆ ಕೊಡಬಾರದು. ಒಣ ಪುಡಿ ಗಂಟಲಲ್ಲಿ ಸಿಕ್ಕು ಕೆಮ್ಮು ಬರುತ್ತದೆ. ಲಕ್ವ ಹೊಡೆದವರಲ್ಲಿ ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಕುತ್ತಾಗಬಹುದು. ಅವರ ಪಾಲಿನ ಮಾದಲಿಯನ್ನು ಹಣ್ಣಿನ ರಸದಲ್ಲಿ ಕಲಸಿ, ಕಾಲು ಗಂಟೆ ಮುಚ್ಚಿಟ್ಟು, ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ತಿನ್ನಿಸಬೇಕು. ನುಂಗುವಾಗ ಪ್ರತಿಸಲ ಕೆಮ್ಮುವವರಿಗೆ ಮನೆಮದ್ದು ಬೇಡ, ವೈದ್ಯರಿಗೆ ತೋರಿಸಿರಿ.

ಹವಳಗಾದ ಆ ತಾಯಿಗೆ ನಾವು ಮೊದಲು ಕಳಿಸಿದ್ದು ನಮ್ಮ ಕೆಟ್ಟುಹೋದ ಮೊದಲ ಪಾಕವನ್ನೇ, ಗಂಜಿಯಾಗಿದ್ದ ಮಾದಲಿಯನ್ನು. ಒಂದು ಬಟ್ಟಲು ಪೂರ್ತಿ ತಿಂದು, ಇನ್ನೂ ಇದೆಯೇ ಎಂದು ಕೇಳಿದರಂತೆ. ಈಗ ಸೊಸೆ ವಾರಕ್ಕೆರಡು ಸಲ ಮಾಡುತ್ತಾರೆ, ಜೊತೆಗೆ ತೊಗರಿಬೇಳೆಯ ಗಟ್ಟಿ ಕಟ್ಟು, ಮೆತ್ತಗಿನ ಜೋಳದ ನುಚ್ಚು ಕೊಡುತ್ತಾರೆ. ಹಣ್ಣೊಂದರಿಂದಲೇ ಮೈ ತುಂಬದು, ಬೇಳೆಕಾಳು ಬೇಕೇ ಬೇಕು. ಒಸಡಿನ ಹುಣ್ಣು ಮಾಯ್ದಿದೆ. ಹೊಸ ಅಳತೆಯ ಹಲ್ಲಿನ ಸೆಟ್ಟಿಗಾಗಿ ಬರುವ ತಿಂಗಳು ಅವರನ್ನು ಕಲಬುರಗಿಗೆ ಕರೆದೊಯ್ಯುವರು.