ನೀಲಿ ರಕ್ತದ ಕಡಲ ಬಸವನಹುಳು: ಕೊಲ್ಲದೇ ಕೊಯ್ಲು

ಅಡಿಕೆ ತೋಟಕ್ಕೆ ನುಗ್ಗುವ ಆಫ್ರಿಕನ್ ಬಸವನಹುಳುವಿನ ಕಾಟ ಹಲವರಿಗೆ ಗೊತ್ತೇ ಇದೆ. ಅದರ ದೂರದ ನೆಂಟ ಒಂದು ಕಡಲಲ್ಲಿದೆ. ಅದನ್ನು ತೊಟ್ಟಿಯಲ್ಲಿಟ್ಟು ಜೋಪಾನವಾಗಿ ಸಾಕುತ್ತಾರೆ. ಬೇಕಾಗಿರೋದು ಮಾಂಸವೂ ಅಲ್ಲ, ಚಿಪ್ಪೂ ಅಲ್ಲ, ಅದರ ರಕ್ತ!

ಹೆಸರು ಜೈಂಟ್ ಕೀಹೋಲ್ ಲಿಂಪೆಟ್. ವೈಜ್ಞಾನಿಕವಾಗಿ ಮೆಗಾಥುರಾ ಕ್ರೆನ್ಯುಲಾಟಾ. ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾವರೆಗಿನ ಕಡಲ ಬಂಡೆಗಳೇ ಇದರ ಮನೆ. ಚಿಪ್ಪು ಬೋರಲು ಹಾಕಿದ ಬಟ್ಟಲಿನಂತೆ, ನೆತ್ತಿಯಲ್ಲಿ ಒಂದು ತೂತು. ಮುಂಭಾಗದಿಂದ ಒಳಬಂದ ನೀರು ಕಿವಿರುಗಳನ್ನು ದಾಟಿ, ಕಸವನ್ನೂ ಹೊತ್ತುಕೊಂಡು ಆ ತೂತಿನಿಂದ ಹೊರಹೋಗುತ್ತದೆ. ಅಡುಗೆಮನೆಯ ಹೊಗೆಗೂಡು ಇದ್ದ ಹಾಗೆ ಅನ್ನಿ. ದೇಹ ಎಷ್ಟು ದೊಡ್ಡದೆಂದರೆ ಪೂರ್ತಿ ಚಿಪ್ಪಿನೊಳಗೆ ಹಿಡಿಸೋದೇ ಇಲ್ಲ. ಕಪ್ಪು ಅಥವಾ ಕಂದು ಬಣ್ಣದ ಚರ್ಮದ ಮಡಿಕೆಯೊಂದು ಚಿಪ್ಪನ್ನೇ ಹೊದ್ದುಕೊಂಡಿರುತ್ತದೆ. ಪಾಚಿಯ ಜೊತೆಗೆ ಬಂಡೆಗೆ ಅಂಟಿದ ಸಣ್ಣ ಜೀವಿಗಳನ್ನೂ ಕೆರೆದು ತಿನ್ನುತ್ತದೆ.

ಈಗ ರಕ್ತದ ವಿಷಯ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ, ಇದರಲ್ಲಿ ತಾಮ್ರ. ಹಾಗಾಗಿ ಆಮ್ಲಜನಕ ಸೇರಿದಾಗ ರಕ್ತ ನೀಲಿಯಾಗುತ್ತದೆ. ತಾಮ್ರವಿರುವ ಆ ಪ್ರೋಟೀನಿಗೆ ಪ್ರಯೋಗಾಲಯದವರು ಕೆಎಲ್‌ಎಚ್ ಅನ್ನುತ್ತಾರೆ. ಅದು ಭಾರೀ ಗಾತ್ರದ್ದು, ಬೇರೆ ಪ್ರಾಣಿಯ ದೇಹಕ್ಕೆ ಚುಚ್ಚಿದರೆ ರೋಗನಿರೋಧಕ ಶಕ್ತಿ ಕೂಡಲೇ ಎಚ್ಚೆತ್ತುಕೊಳ್ಳುತ್ತದೆ.

ಇದರಿಂದ ರೈತರಿಗೇನು ಅಂತೀರಾ? ತರಕಾರಿಯಲ್ಲಿ ಕೀಟನಾಶಕದ ಉಳಿಕೆ ಪತ್ತೆಹಚ್ಚುವ ಕೆಲವು ಕಿಟ್‌ಗಳು ಪ್ರತಿಕಾಯಗಳಿಂದ ಕೆಲಸ ಮಾಡುತ್ತವೆ. ಕೀಟನಾಶಕದ ಕಣ ತೀರಾ ಚಿಕ್ಕದು, ಒಂಟಿಯಾಗಿ ಹೋದರೆ ದೇಹ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಜಾತ್ರೆಯಲ್ಲಿ ಪುಟ್ಟ ಉತ್ಸವಮೂರ್ತಿಯನ್ನು ತೇರಿನ ಮೇಲೆ ಕೂರಿಸಿದರೆ ಊರಿಗೆಲ್ಲ ಕಾಣುತ್ತದಲ್ಲ, ಹಾಗೆ ಆ ಕಣವನ್ನು ದೊಡ್ಡ ಪ್ರೋಟೀನಿಗೆ ಅಂಟಿಸಿ ಪ್ರಾಣಿಗೆ ಕೊಡುತ್ತಾರೆ. ಆಗ ಪ್ರತಿಕಾಯ ಹುಟ್ಟುತ್ತದೆ. ಹೀಗೆ ಬಳಸುವ 'ತೇರು'ಗಳಲ್ಲಿ ಕೆಎಲ್‌ಎಚ್ ಮುಖ್ಯವಾದದ್ದು. ಕ್ಯಾನ್ಸರ್ ಲಸಿಕೆಗಳ ಸಂಶೋಧನೆಗೂ ಬಳಸಿದ್ದಾರೆ.

ತೊಂದರೆ ಇರೋದು ಇಲ್ಲೇ. ಇದು ನಿಧಾನವಾಗಿ ಬೆಳೆಯುವ ಜೀವಿ, ಸಿಗುವ ಕಡಲತೀರವೂ ಸೀಮಿತ. ಬೇಕೆಂದಾಗಲೆಲ್ಲ ಬಂಡೆಯಿಂದ ಕಿತ್ತು ತಂದರೆ ಸಂತತಿ ಎಷ್ಟು ದಿನ ಉಳಿದೀತು? ಹೆಜ್ಜೇನು ಗೂಡಿಗೆ ಬೆಂಕಿ ಹಚ್ಚಿ ತುಪ್ಪ ತೆಗೆಯುವುದಕ್ಕೂ, ಪೆಟ್ಟಿಗೆಯಲ್ಲಿ ತುಡುವೆ ಸಾಕುವುದಕ್ಕೂ ಇರುವ ವ್ಯತ್ಯಾಸ ಇಲ್ಲೂ ಇದೆ. ಕ್ಯಾಲಿಫೋರ್ನಿಯಾದ ಪೋರ್ಟ್ ವೈನೀಮಿಯಲ್ಲಿ ಇದನ್ನು ತೊಟ್ಟಿಯಲ್ಲಿ ಸಾಕಿ, ಮೊಟ್ಟೆಯಿಂದಲೇ ಮರಿ ಮಾಡುವ ವಿಧಾನ ರೂಪಿಸಿದರು. ಗಂಡು ಹೆಣ್ಣು ಬೇರೆ ಬೇರೆ, ಮೊಟ್ಟೆ ಮತ್ತು ವೀರ್ಯ ನೀರಿನಲ್ಲೇ ಕೂಡಬೇಕು, ತೇಲುವ ಮರಿ ಸರಿಯಾದ ಜಾಗ ಹುಡುಕಿ ಕೂರಬೇಕು. ರಕ್ತವನ್ನು ಸೂಜಿಯಿಂದ ಹದವಾಗಿ ತೆಗೆದರೆ ಪ್ರಾಣಿ ಬದುಕಿ ಉಳಿಯುತ್ತದೆ. ಆಸೆಬುರುಕರಾಗಿ ಎಳೆದರೆ ಪ್ರಾಣಿಯೂ ಇಲ್ಲ, ಮುಂದಿನ ಕೊಯ್ಲೂ ಇಲ್ಲ.

ನಮ್ಮ ಕರಾವಳಿಯಲ್ಲಿ ಸಾಕಬಹುದಾ ಅಂತ ಕೇಳಬೇಡಿ. ಅದು ತಂಪು ನೀರಿನ ಜೀವಿ, ನಮ್ಮ ಕಡಲು ಬೆಚ್ಚಗಿನದು. ಆಫ್ರಿಕನ್ ಬಸವನಹುಳುವಿನ ರಕ್ತದಲ್ಲೂ ತಾಮ್ರದ ಪ್ರೋಟೀನ್ ಇದೆ ನಿಜ, ಆದರೆ 'ಹುಳು ಸಾಕಿ, ರಕ್ತ ಮಾರಿ' ಅಂತ ವಾಟ್ಸಾಪ್‌ನಲ್ಲಿ ಯಾರಾದರೂ ಆಸೆ ತೋರಿಸಿದರೆ ದುಡ್ಡು ಕಟ್ಟಬೇಡಿ. ತೋಟದಲ್ಲಿ ಅದು ಪೀಡೆಯೇ. ಮನುಷ್ಯನ ಮೆದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳು ಅದರಲ್ಲಿ ಇರಬಹುದು. ಆರಿಸುವಾಗ ಬರಿಗೈಲಿ ಮುಟ್ಟದೆ ಗ್ಲೌಸ್ ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.